ಆ ಕಾರಿನ ಧೂಳು: ಮಂಗಳೂರಿನ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಮಂಗಳೂರಿನ ಅಪ್ಪ ಅಮ್ಮಂದಿರಿಗೆ, ಶಾಲೆ ನಡೆಸುವವರಿಗೆ, ಊರಿನ ಆಡಳಿತ ನೋಡಿಕೊಳ್ಳುವವರಿಗೆ ನಮಸ್ಕಾರ.

ಕಳೆದ ಡಿಸೆಂಬರಿನಲ್ಲಿ ಮಗಳ ಡ್ಯಾನ್ಸ್ ಕಾರ್ಯಕ್ರಮ ನಮ್ಮ ಟೌನ್‌ಹಾಲಿನಲ್ಲಿತ್ತು. ಮುಖಕ್ಕೆ ಬಣ್ಣ ಹಚ್ಚಿಕೊಂಡು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಅವಳು ಹೊರಗೆ ನಿಂತಿದ್ದಳು. ಬಣ್ಣ ಕರಗುತ್ತದೆ, ಮುಖ ಮುಟ್ಟಬೇಡ ಎಂದು ನಾನು ಕರ್ಚೀಫಿನಿಂದ ಅವಳ ಕುತ್ತಿಗೆಯ ಬೆವರು ಒತ್ತುತ್ತಿದ್ದೆ. ಮಾಡಲು ಬೇರೇನೂ ಇಲ್ಲದೆ ಅವಳು ತಲೆಯೆತ್ತಿ ಹೆಸರು ಓದಿದಳು. ‘ಕುದ್ಮುಲ್ ರಂಗರಾವ್ ಪುರಭವನ. ಅಮ್ಮ, ಇವರು ಯಾರು? ಇದನ್ನು ಕಟ್ಟಿದವರಾ?’

‘ಅಲ್ಲ, ಸಮಾಜ ಸುಧಾರಕರು’ ಎಂದೆ.

‘ಅಂದ್ರೆ?’

‘ಬಡ ಮಕ್ಕಳಿಗೆ ಶಾಲೆ ಮಾಡಿದವರು.’

ಅಷ್ಟರಲ್ಲಿ ಒಳಗಿಂದ ಕರೆದರು, ಅವಳು ಗೆಜ್ಜೆ ಸದ್ದು ಮಾಡುತ್ತಾ ಓಡಿದಳು. ನಾನು ಹೇಳಿದ್ದು ಒಂದು ಅಂಕದ ಪ್ರಶ್ನೆಗೆ ಬರೆಯುವ ಉತ್ತರ, ಅಲ್ವಾ? ಈ ಊರಲ್ಲೇ ಹುಟ್ಟಿ, ಈ ಊರಲ್ಲೇ ಓದಿ, ಆ ಹಾಲಿನಲ್ಲಿ ನೂರು ಸಲವಾದರೂ ಕೂತವಳು ನಾನು. ನನಗೆ ಗೊತ್ತಿದ್ದದ್ದು ಅಷ್ಟೇ. ಅದರಲ್ಲೂ ‘ಬಡ ಮಕ್ಕಳು’ ಎಂದು ಹೇಳಿ ನಿಜವಾದ ಮಾತನ್ನು ನುಂಗಿಕೊಂಡಿದ್ದೆ. ರಂಗರಾಯರು ಶಾಲೆ ತೆರೆದದ್ದು ಯಾರನ್ನು ಊರು ಮುಟ್ಟುತ್ತಿರಲಿಲ್ಲವೋ ಅವರ ಮಕ್ಕಳಿಗೆ.

ಆಮೇಲೆ ಕೂತು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ನನಗೆ ಸಿಕ್ಕಿದ್ದು ಭಾಷಣಗಳಲ್ಲಿ ಬರುವ ಮಹಾಪುರುಷನಿಗಿಂತ ಜಾಸ್ತಿ ಹತ್ತಿರದವರಾದ ಒಬ್ಬ ಅಪ್ಪ. ಅದಕ್ಕೇ ಈ ಪತ್ರ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು. ಕುದ್ಮುಲ್ ಎಂಬುದು ಊರಿನ ಹೆಸರು. ಸಾರಸ್ವತ ಬ್ರಾಹ್ಮಣರ ಮನೆ. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾಗಿ ದುಡಿದರು, ಆಮೇಲೆ ವಕೀಲರಾದರು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಕೋರ್ಟು ಕಚೇರಿ ಇರುವ ಊರಿನಲ್ಲಿ ವಕೀಲಿಕೆ ಇದ್ದರೆ, ಹೆಂಡತಿ ಮಕ್ಕಳನ್ನು ಸುಖವಾಗಿ ನೋಡಿಕೊಂಡು, ಊರಿನವರಿಂದ ಗೌರವ ಪಡೆದುಕೊಂಡು ಬದುಕು ಮುಗಿಸಬಹುದಿತ್ತು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಒಂದು ಶಾಲೆ ತೆರೆದರು.

ಆ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಿ. ರಂಗರಾಯರ ಮಗಳು ರಾಧಾಬಾಯಿ ಹುಟ್ಟಿದ್ದು 1891ರ ಏಪ್ರಿಲ್ 22ರಂದು. ಅಂದರೆ ಶಾಲೆ ತೆರೆಯುವಾಗ ಮನೆಯಲ್ಲಿ ಒಂದು ವರ್ಷದ ಆಸುಪಾಸಿನ ಮಗು. ಅಂಥ ಮಗು ಇರುವ ಮನೆ ಹೇಗಿರುತ್ತದೆ ಎಂದು ಹೆತ್ತವರಿಗೆ ಗೊತ್ತು. ರಾತ್ರಿ ನಿದ್ದೆಯಿಲ್ಲ. ನಾಲ್ಕು ಜನ ಹಿರಿಯರು ಬಂದು ಹೋಗುತ್ತಿರಬೇಕು, ಅಕ್ಕಪಕ್ಕದವರು ಆಧಾರಕ್ಕಿರಬೇಕು. ಊರನ್ನು ಎದುರು ಹಾಕಿಕೊಳ್ಳಲು ಇದಕ್ಕಿಂತ ಕಷ್ಟದ ಕಾಲ ಇಲ್ಲ. ‘ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ’ ಎಂದು ನಾವೆಲ್ಲ ಎಷ್ಟು ಕೆಲಸ ಮುಂದಕ್ಕೆ ಹಾಕಿಲ್ಲ! ಅವರು ಹಾಕಲಿಲ್ಲ.

ಊರು ಸುಮ್ನೆ ಇರಲಿಲ್ಲ. ಜಾತಿಯವರು ಬಹಿಷ್ಕಾರ ಹಾಕಿದರು. ಬಹಿಷ್ಕಾರ ಎಂಬ ಪದ ಪುಸ್ತಕದಲ್ಲಿ ಒಂದೇ ಸಾಲು ತೆಗೆದುಕೊಳ್ಳುತ್ತದೆ. ಮನೆಯೊಳಗೆ ಅದು ದಿನಾ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇರುವಂಥದ್ದು. ಮದುವೆ ಮುಂಜಿಗೆ ಕರೆಯುವುದಿಲ್ಲ. ನಮ್ಮ ಮನೆಗೆ ಕರೆದರೆ ಯಾರೂ ಬರುವುದಿಲ್ಲ. ಹೆತ್ತವರ ತಿಥಿಗೆ ಪುರೋಹಿತರು ಸಿಗುವುದಿಲ್ಲ. ಕ್ಷೌರಕ್ಕೆ, ಬಟ್ಟೆ ಒಗೆಯಲು ಜನ ಸಿಗುವುದಿಲ್ಲ. ಇದೆಲ್ಲದರ ಭಾರ ಬೀಳುವುದು ಹೊರಗೆ ಓಡಾಡುವ ಗಂಡಸಿಗಿಂತ ಹೆಚ್ಚಾಗಿ ಮನೆಯಲ್ಲಿರುವ ಹೆಂಗಸಿನ ಮೇಲೆ. ರಂಗರಾಯರ ಹೆಂಡತಿಯ ಬಗ್ಗೆ ನಮ್ಮ ಭಾಷಣಗಳಲ್ಲಿ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಆ ಮನೆ ಮುರಿಯದೆ ನಿಂತಿತು ಎಂದರೆ ಅವರು ನಿಂತಿದ್ದಾರೆ ಎಂದೇ ಅರ್ಥ.

ಶಾಲೆಗೆ ಮೇಷ್ಟ್ರು ಸಿಗಲಿಲ್ಲ. ಮೇಲುಜಾತಿಯವರು ಆ ಮಕ್ಕಳಿಗೆ ಪಾಠ ಹೇಳಲು ತಯಾರಿರಲಿಲ್ಲ. ಕ್ರೈಸ್ತ ಮೇಷ್ಟ್ರುಗಳು ಬಂದರು. ಚಿಲಿಂಬಿಯಲ್ಲಿ ಶಾಲೆ ನಡೆಸಲು ಬಿಡಲಿಲ್ಲ. ರಂಗರಾಯರು ಬೇರೆ ಕಡೆ ನಡೆಸಿದರು. ಒಂದು ಶಾಲೆ ಹೋಗಿ ಹಲವು ಶಾಲೆಗಳಾದವು. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಶುರುವಾಯಿತು. ಇದೇ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂಧೆಯವರು ಮುಂಬೈಯಲ್ಲಿ ಕಟ್ಟಿದ್ದು 1906ರಲ್ಲಿ. ಮುಂಬೈಗಿಂತ ಒಂಬತ್ತು ವರ್ಷ ಮೊದಲು ಮಂಗಳೂರಿನಲ್ಲಿ ಈ ಕೆಲಸ ನಡೆದಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕಿತ್ತು.

ಈ ಎಲ್ಲದರಲ್ಲಿ ನನ್ನ ಮನಸ್ಸಿಗೆ ಜಾಸ್ತಿ ತಾಗಿದ್ದು ಎರಡು ಪೈಸೆಯ ಸಂಗತಿ. ಶಾಲೆಗೆ ಬಂದ ಮಗುವಿಗೆ ರಂಗರಾಯರು ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರಂತೆ. ಮಧ್ಯಾಹ್ನ ಊಟವನ್ನೂ ಕೊಡುತ್ತಿದ್ದರು. ಯಾಕೆ ಎಂದು ಯೋಚಿಸಿ. ಏಳೆಂಟು ವರ್ಷದ ಮಗು ದನ ಮೇಯಿಸುತ್ತದೆ, ಸೌದೆ ತರುತ್ತದೆ, ಧಣಿಗಳ ಮನೆಯಲ್ಲಿ ಚಾಕರಿ ಮಾಡುತ್ತದೆ, ಸಂಜೆ ಮನೆಗೆ ಒಂದು ಮುಷ್ಟಿ ಅಕ್ಕಿ ತರುತ್ತದೆ. ಅದನ್ನು ಶಾಲೆಗೆ ಕಳಿಸಿದರೆ ಆ ಅಕ್ಕಿ ಹೋಯಿತು. ಶಾಲೆಗೆ ಫೀಸಿಲ್ಲ ಎಂದ ಮಾತ್ರಕ್ಕೆ ಅದು ಪುಕ್ಕಟೆ ಅಲ್ಲ. ಬಡವರ ಮನೆಯಲ್ಲಿ ಓದಿಗೆ ಬೀಳುವ ಖರ್ಚು ಫೀಸಿನ ಲೆಕ್ಕದಲ್ಲಿ ಕಾಣುವುದಿಲ್ಲ. ಇದನ್ನು ಆ ಕಾಲದಲ್ಲೇ ಲೆಕ್ಕ ಹಾಕಿದ ಮನುಷ್ಯ, ಸಂಸಾರ ನಡೆಸಿ ಗೊತ್ತಿದ್ದ ಮನುಷ್ಯ. ಮಗುವಿನ ಕೈಗೆ ಎರಡು ಪೈಸೆ ಕೊಟ್ಟರೆ ಅದು ಹೋಗಿ ಅಮ್ಮನ ಕೈಗೆ ಬೀಳುತ್ತದೆ, ಅಮ್ಮ ನಾಳೆಯೂ ಕಳಿಸುತ್ತಾಳೆ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಗಿದ್ದು 2002ರಲ್ಲಿ. ಅದರ ಹಿಂದಿರುವ ಯೋಚನೆಯೂ ಇದೇ ಅಲ್ವಾ?

ಬರೀ ಓದು ಬರಹ ಸಾಕಾಗುವುದಿಲ್ಲ ಎಂದೂ ಅವರಿಗೆ ಗೊತ್ತಿತ್ತು. ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ಅವರ ಶಾಲೆಯಲ್ಲಿ ಕಲಿತವರೇ ಮುಂದೆ ಮೇಷ್ಟ್ರಾದರು.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಆ ಶಾಲೆಗೆ ಮೊದಲ ದಿನ ಕಾಲಿಟ್ಟ ಮಗು ಯಾರು? ಅದನ್ನು ಕಳಿಸಿದ ತಾಯಿ ಯಾರು? ರಂಗರಾಯರಿಗೆ ಬಹಿಷ್ಕಾರ ಹಾಕಿದರು, ನಿಜ. ಆದರೆ ಅವರಿಗೆ ವಕೀಲಿಕೆ ಇತ್ತು, ಮನೆ ಇತ್ತು, ಹೆಸರಿತ್ತು. ಧಣಿಯ ಸಿಟ್ಟಿಗೆ ಅಂದಂದಿನ ಅನ್ನ ಹೋಗುವ ಸ್ಥಿತಿಯಲ್ಲಿದ್ದ ಒಬ್ಬಳು ಅಮ್ಮ ಮಗುವಿಗೆ ತಲೆ ಬಾಚಿ ‘ಹೋಗು’ ಎಂದಳಲ್ಲ, ಆ ಧೈರ್ಯ ದೊಡ್ಡದು. ಟೌನ್‌ಹಾಲಿನ ಮೇಲೆ ರಂಗರಾಯರ ಹೆಸರಿದೆ, ಇರಲೇಬೇಕು. ಆ ಅಮ್ಮಂದಿರ ಹೆಸರು ಎಲ್ಲಿಯೂ ಇಲ್ಲ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ಊರಿನ ಮಕ್ಕಳಿಗೆ ಶಾಲೆ ಮಾಡಿ ತನ್ನ ಮಕ್ಕಳನ್ನು ಹಳೆಯ ಕಟ್ಟಿನಲ್ಲೇ ಬೆಳೆಸಿದವರು ಬಹಳ ಜನ ಇದ್ದಾರೆ. ಹೊರಗೆ ಸುಧಾರಣೆಯ ಭಾಷಣ, ಒಳಗೆ ಮಡಿ. ರಂಗರಾಯರ ಮನೆ ಹಾಗಿರಲಿಲ್ಲ. ಹೆಣ್ಣುಮಗಳು ರಾಧಾಬಾಯಿ ಮಂಗಳೂರಿನಲ್ಲಿ ಓದಿದರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು, ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲೂ ಓದಿದರು. 1912ರಲ್ಲಿ ಅವರ ಮದುವೆ ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರ ಪಿ. ಸುಬ್ಬರಾಯನ್ ಜೊತೆ ಆಯಿತು. ಹುಡುಗಿ ಸಾರಸ್ವತರವಳು, ಹುಡುಗ ಗೌಂಡರ್. ಭಾಷೆ ಬೇರೆ, ಜಾತಿ ಬೇರೆ. 1912ರಲ್ಲಿ! ಇಂದಿಗೂ ಮಕ್ಕಳು ಹೀಗೊಂದು ಮದುವೆಯ ಮಾತೆತ್ತಿದರೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಡುಗೆ ಒಲೆ ಆರುತ್ತದೆ ಎಂದು ನಿಮಗೆ ಗೊತ್ತು.

ನಾನು ಓದುತ್ತಾ ಓದುತ್ತಾ ಒಂದು ಕಡೆ ಪುಸ್ತಕ ಮಡಚಿ ಸುಮ್ನೆ ಕೂತುಬಿಟ್ಟೆ. 1930ರ ನವೆಂಬರಿನಲ್ಲಿ, ಭಾರತದ ಮುಂದಿನ ಆಡಳಿತ ಹೇಗಿರಬೇಕು ಎಂದು ಮಾತಾಡಲು ಬ್ರಿಟಿಷರು ಕರೆದ ಮೊದಲ ದುಂಡುಮೇಜಿನ ಸಭೆ ಲಂಡನ್ನಿನಲ್ಲಿ ನಡೆಯಿತು. ಭಾರತದಿಂದ ಹೋದವರಲ್ಲಿ ಹೆಂಗಸರು ಇಬ್ಬರೇ. ಒಬ್ಬರು ಜಹನಾರಾ ಶಾನವಾಜ್, ಇನ್ನೊಬ್ಬರು ನಮ್ಮ ರಾಧಾಬಾಯಿ ಸುಬ್ಬರಾಯನ್. ಅದೇ ಸಭೆಯಲ್ಲಿ ಅಸ್ಪೃಶ್ಯರೆಂದು ಊರು ದೂರ ಇಟ್ಟವರ ಪರವಾಗಿ ಎದ್ದು ನಿಂತವರು ಬಿ. ಆರ್. ಅಂಬೇಡ್ಕರ್. ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14. ರಾಧಾಬಾಯಿ ಹುಟ್ಟಿದ್ದು ಅದೇ ತಿಂಗಳ 22. ಎಂಟು ದಿನಗಳ ಅಂತರ. ಒಂದು ಮಗು ಈಗಿನ ಮಧ್ಯಪ್ರದೇಶದ ಮಹೂವಿನಲ್ಲಿ ತೊಟ್ಟಿಲಲ್ಲಿತ್ತು, ಇನ್ನೊಂದು ಮಂಗಳೂರಿನಲ್ಲಿ. ಆ ಮಗುವಿನಂಥ ಮಕ್ಕಳಿಗೆ ಬಾಗಿಲು ಇಲ್ಲ ಎಂದು ಈ ಮಗುವಿನ ಅಪ್ಪ ಶಾಲೆ ತೆರೆದ. ಮೂವತ್ತೆಂಟು ವರ್ಷ ಕಳೆದ ಮೇಲೆ ಇಬ್ಬರೂ ಒಂದೇ ಸಭೆಯಲ್ಲಿ ಕೂತರು. ಅದನ್ನು ನೋಡಲು ರಂಗರಾಯರು ಇರಲಿಲ್ಲ. 1928ರ ಜನವರಿ 30ರಂದು ತೀರಿಕೊಂಡಿದ್ದರು.

ಅವರು ತೀರಿಕೊಂಡಾಗ ಅಳಿಯ ಸುಬ್ಬರಾಯನ್ ಮದ್ರಾಸು ಪ್ರಾಂತ್ಯದ ಪ್ರಧಾನ ಮಂತ್ರಿ. ಈಗಿನ ಲೆಕ್ಕದಲ್ಲಿ ಮುಖ್ಯಮಂತ್ರಿ. ಮಂಗಳೂರು ಅದೇ ಪ್ರಾಂತ್ಯದ ಊರು. ಪ್ರಾಂತ್ಯ ಆಳುವವರ ಮಾವನ ಶವಯಾತ್ರೆ ಎಂದರೆ ಹೆಗಲು ಕೊಡಲು ದೊಡ್ಡವರು ಸಾಲುಗಟ್ಟಿ ನಿಲ್ಲುತ್ತಿದ್ದರು. ರಂಗರಾಯರು ಮೊದಲೇ ಹೇಳಿಟ್ಟಿದ್ದರು, ನನ್ನ ಹೆಣವನ್ನು ಊರಿನ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟವರೇ ಹೊರಬೇಕು ಎಂದು.

ಮೊಮ್ಮಕ್ಕಳ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಮಾತಿಗೆ ಅದು ಬೇಕು. ಅಜ್ಜ ಹೋಗುವಾಗ ಅವರೆಲ್ಲ ಸಣ್ಣವರು. ಹಿರಿಯ ಮೊಮ್ಮಗ ಪಿ. ಪಿ. ಕುಮಾರಮಂಗಲಂ 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಇನ್ನೊಬ್ಬ ಮೊಮ್ಮಗ ಮೋಹನ್ ಕುಮಾರಮಂಗಲಂ ಕೇಂದ್ರದಲ್ಲಿ ಮಂತ್ರಿಯಾಗಿದ್ದರು. ಮೊಮ್ಮಗಳು ಪಾರ್ವತಿ ಕೃಷ್ಣನ್ ಸಂಸತ್ ಸದಸ್ಯೆಯಾಗಿದ್ದರು, ಕಾರ್ಮಿಕರ ನಾಯಕಿಯಾಗಿದ್ದರು. ರಾಧಾಬಾಯಿ ಸ್ವತಃ 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಂದರೆ ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆಗೆ, ಆಯ್ಕೆಯಾದ ಮೊದಲ ಮಹಿಳೆ. ರಂಗರಾಯರ ಮನೆಯಿಂದ ಹೊರಟ ಕಾರುಗಳಿಗೆ ಕೊರತೆ ಇರಲಿಲ್ಲ.

ಆದರೆ ಅವರು ಕಾಯುತ್ತಿದ್ದದ್ದು ಬೇರೆ ಕಾರಿಗೆ. ಅವರ ಆಸೆ ಇಷ್ಟು: ನನ್ನ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡದಾಗಿ, ಸರ್ಕಾರಿ ಕೆಲಸ ಹಿಡಿದು, ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸಿದ ಧೂಳು ನನ್ನ ತಲೆಗೆ ತಾಗಬೇಕು. ಆಗ ಹುಟ್ಟಿದ್ದು ಸಾರ್ಥಕ.

ಇದನ್ನು ಎಷ್ಟೋ ಸಲ ಕೇಳಿದ್ದೆವು. ಗಾಂಧೀಜಿ ರಂಗರಾಯರನ್ನು ತನ್ನ ಗುರು ಎಂದಿದ್ದರು ಎಂಬ ಮಾತನ್ನು ಹೇಗೆ ಪ್ರತಿ ಭಾಷಣದಲ್ಲೂ ಕೇಳುತ್ತೇವೋ ಹಾಗೆ. ಕೇಳಿ ಕೇಳಿ ಕಿವಿ ಮರಗಟ್ಟಿತ್ತು. ಈಗ ಅಮ್ಮನಾಗಿ ಓದುವಾಗ ಅರ್ಥವಾಯಿತು. ಕಾರಿನಲ್ಲಿ ಹೋಗುವ ಮಗು ನಿಂತು ಕೈಮುಗಿಯಲಿ, ಉಪಕಾರ ನೆನೆಯಲಿ ಎಂದು ಅವರು ಕೇಳಲಿಲ್ಲ. ಕಾರು ನಿಲ್ಲುವುದೂ ಬೇಡ. ತನ್ನ ಪಾಡಿಗೆ ಜೋರಾಗಿ ಹೋಗಲಿ, ರಸ್ತೆ ಬದಿಯಲ್ಲಿ ಯಾರೋ ಮುದುಕ ನಿಂತಿದ್ದಾನೆ ಎಂದು ಅದಕ್ಕೆ ಗೊತ್ತಾಗುವುದೂ ಬೇಡ. ಮಕ್ಕಳಿಂದ ಹೆತ್ತವರು ಮಾತ್ರ ಇಷ್ಟು ಕಡಿಮೆ ಕೇಳುತ್ತಾರೆ.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣ. ಹೇಳಲು ಕಷ್ಟವಾಗುತ್ತದೆ.

ಈ ವರ್ಷ ಜನವರಿಯಲ್ಲಿ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮೀಟಿಂಗ್ ಮುಗಿದು ಎಲ್ಲರೂ ಎದ್ದು ನಿಂತಾಗ ಒಬ್ಬ ತಾಯಿ ಟೀಚರ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. ‘ಮಿಸ್, ನಮ್ಮವನ ಜಾಗ ಸ್ವಲ್ಪ ಚೇಂಜ್ ಮಾಡಿ. ಕಾಲೊನಿ ಮಕ್ಕಳ ಜೊತೆ ಕೂತು ಭಾಷೆ ಹಾಳಾಗ್ತಾ ಇದೆ.’ ಕಾಲೊನಿ ಮಕ್ಕಳು ಎಂದರೆ ಯಾರು ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟೀಚರು ಏನೂ ಹೇಳದೆ ರಿಜಿಸ್ಟರ್ ನೋಡಿದರು. ಬಾಗಿಲ ಬಳಿ ಮಗಳ ಬೆಂಚಿನ ಗೆಳತಿಯ ಅಮ್ಮ ನಿಂತಿದ್ದರು. ಕೆಲಸದಿಂದ ನೇರ ಬಂದಿದ್ದರು, ಕೈಯಲ್ಲಿ ಊಟದ ಬುತ್ತಿಯ ಚೀಲ. ಅವರಿಗೆ ಕೇಳಿಸಿತು. ಕೇಳಿಸಿತು ಎಂದು ನನಗೂ ಗೊತ್ತಾಯಿತು. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು, ಅಷ್ಟೆ.

ನಾನು ಏನೂ ಹೇಳಲಿಲ್ಲ. ಎರಡು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆಯಬಹುದಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಮುಖ ನೋಡಬೇಕಲ್ಲ, ನಾಳೆ ಮಗಳ ಬರ್ತ್‌ಡೇಗೆ ಇವರನ್ನೆಲ್ಲ ಕರೆಯಬೇಕಲ್ಲ ಎಂದು ಸುಮ್ನೆ ಬಂದೆ. ಮನೆಗೆ ಬರುವ ದಾರಿಯಲ್ಲಿ ಮಗಳು ಏನೋ ಹೇಳುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಒಂದು ಬರ್ತ್‌ಡೇ ಪಾರ್ಟಿಗಾಗಿ ನಾನು ಬಾಯಿ ಮುಚ್ಚಿಕೊಂಡೆ. ರಂಗರಾಯರ ಮನೆಯವರು ವರ್ಷಗಟ್ಟಲೆ ಊರಿನ ಕರೆಯೋಲೆ ಇಲ್ಲದೆ ಬದುಕಿದ್ದರು.

ಆ ತಾಯಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ನನ್ನಂತೆ ಸುಮ್ನೆ ನಿಂತವರಿಗೆ ಬರೆಯುತ್ತಿದ್ದೇನೆ. ನಾವೇ ಜಾಸ್ತಿ ಜನ ಇದ್ದೇವೆ. 1892ರಲ್ಲೂ ಊರಿನಲ್ಲಿ ಜಾಸ್ತಿ ಇದ್ದವರು ಕಲ್ಲೆಸೆಯುವವರಾಗಿರಲಿಕ್ಕಿಲ್ಲ, ಕಿಟಕಿ ಹಾಕಿಕೊಂಡವರೇ ಇರಬೇಕು. ಜಾತಿ ಹೋಗಿದೆ ಎಂದು ನಾವು ಹೇಳಿಕೊಳ್ಳುತ್ತೇವೆ. ಅದು ಬೆಂಚು ಬದಲಿಸಿಕೊಂಡು, ಶಾಲೆ ಬದಲಿಸಿಕೊಂಡು, ‘ಎನ್ವಿರಾನ್‌ಮೆಂಟ್ ಸರಿಯಿಲ್ಲ’ ಎಂಬ ಒಳ್ಳೆಯ ಮಾತು ಹಾಕಿಕೊಂಡು ನಮ್ಮ ನಡುವೆಯೇ ಓಡಾಡುತ್ತಿದೆ.

ಊರಿನ ಆಡಳಿತದವರಲ್ಲಿ ಒಂದು ಕೋರಿಕೆ. ಪುರಭವನದ ಬಾಗಿಲ ಬಳಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ಒಂದು ಫಲಕ ಇರಲಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ನಾವು ಮನೆಯಲ್ಲಿ ಆಡುವ ಭಾಷೆಗಳಲ್ಲಿ ಇರಲಿ. ‘ಮಹಾನ್’, ‘ಉದ್ಧಾರಕ’ ಎಂಬ ಪದಗಳು ಬೇಡ. ಒಂಬತ್ತು ವರ್ಷದ ಮಗು ಗೆಜ್ಜೆ ಕಟ್ಟಿಕೊಂಡು ಕಾಯುವಾಗ ಓದಿ ಮುಗಿಸುವಷ್ಟು ಸಾಕು. ಚಿಲಿಂಬಿಯ ಶಾಲೆ, ಎರಡು ಪೈಸೆ, ಬಹಿಷ್ಕಾರ, ಧೂಳು. ಮೊದಲ ದಿನ ಬಂದ ಮಕ್ಕಳಿಗೂ ಅವರ ಅಮ್ಮಂದಿರಿಗೂ ಅದರಲ್ಲಿ ಒಂದು ಸಾಲು ಬೇಕು.

ಶಾಲೆ ನಡೆಸುವವರಲ್ಲಿ ಕೇಳುವುದು, ಜೂನ್ 29ರ ಸುತ್ತಮುತ್ತ ಒಂದು ದಿನ ಮಕ್ಕಳನ್ನು ಅತ್ತಾವರ ಬಾಬುಗುಡ್ಡೆಯ ಸಮಾಧಿಗೆ ಕರೆದುಕೊಂಡು ಹೋಗಿ. ಸರ್ಕಾರಿ ಶಾಲೆ, ಇಂಗ್ಲಿಷ್ ಮೀಡಿಯಂ ಶಾಲೆ, ಎರಡೂ ಕಡೆಯ ಮಕ್ಕಳು ಒಟ್ಟಿಗೆ ಹೋಗುವಂತಾದರೆ ಇನ್ನೂ ಒಳ್ಳೆಯದು. ಜನವರಿ 30ರಂದು ಗಾಂಧೀಜಿಗೆ ಹೇಗೂ ಎರಡು ನಿಮಿಷ ಮೌನ ನಿಲ್ಲುತ್ತೇವೆ. ಅದೇ ದಿನ, ಇಪ್ಪತ್ತು ವರ್ಷ ಮೊದಲು ಹೋದ ನಮ್ಮೂರ ಈ ಅಜ್ಜನ ಹೆಸರನ್ನೂ ಹೇಳಬಹುದು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ ಈ ಕೆಲಸ ಇಲ್ಲಿ ನಲವತ್ತು ವರ್ಷ ದಾಟಿತ್ತು.

ಅಪ್ಪ ಅಮ್ಮಂದಿರಲ್ಲಿ ಏನು ಕೇಳಲಿ? ಮಕ್ಕಳು ಕೇಳಿದಾಗ ‘ಬಡ ಮಕ್ಕಳು’ ಎಂದು ಮಾತು ತೇಲಿಸಬೇಡಿ. ಮುಟ್ಟುತ್ತಿರಲಿಲ್ಲ ಎಂದೇ ಹೇಳಿ. ನಮ್ಮ ಅಜ್ಜಂದಿರೂ ಮುಟ್ಟುತ್ತಿರಲಿಲ್ಲ ಎಂದು ಹೇಳಿ. ನಾನು ಹೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಆಗ ಅವಳು ನನ್ನ ಬೆಂಚಲ್ಲಿ ಕೂರ್ತಾ ಇರ್ಲಿಲ್ವಾ?’ ಎಂದು ಕೇಳಿದಳು. ಹೌದು ಎಂದೆ. ‘ಮತ್ತೆ ನನಗೆ ಗಣಿತ ಯಾರು ಹೇಳಿಕೊಡ್ತಿದ್ರು?’

ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ ಆ ಬೆಂಚಿನ ಗೆಳತಿಯ ಅಮ್ಮನನ್ನು ಕಂಡೆ. ಅವತ್ತು ನಾನು ಮಾತಾಡಬೇಕಿತ್ತು, ಆಡಲಿಲ್ಲ, ತಪ್ಪಾಯಿತು ಎಂದೆ. ಅವರು ‘ಅಯ್ಯೋ, ಬಿಡಿ’ ಎಂದರು. ಆ ‘ಬಿಡಿ’ಯಲ್ಲಿ ಎಷ್ಟು ವರ್ಷದ ಅಭ್ಯಾಸ ಇತ್ತೋ. ಟೀಚರಿಗೂ ಒಂದು ಚೀಟಿ ಬರೆದು ಕಳಿಸಿದ್ದೇನೆ, ಮುಂದಿನ ಸಭೆಯಲ್ಲಿ ಈ ವಿಷಯ ಎಲ್ಲರ ಎದುರು ಮಾತಾಡಬೇಕು ಎಂದು. ಮೊದಲು ಮಾತಾಡುವುದು ನಾನೇ.

ಬರುವ ಜೂನ್ 29ರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಬಾಬುಗುಡ್ಡೆಗೆ ಹೋಗುತ್ತಿದ್ದೇನೆ. ಮಳೆ ಇರುತ್ತದೆ, ಕೊಡೆ ತನ್ನಿ. ಮಗಳ ಗೆಳತಿ ಬರುತ್ತೇನೆ ಎಂದಿದ್ದಾಳೆ. ಅವಳ ಅಮ್ಮನಿಗೆ ಕೆಲಸದಲ್ಲಿ ಅರ್ಧ ದಿನ ರಜೆ ಸಿಕ್ಕಿದರೆ ಅವರೂ ಬರುತ್ತಾರೆ.

ಇಂತಿ,
ಮಂಗಳೂರಿನ ಒಬ್ಬಳು ಅಮ್ಮ